ಕುದುರೆಮುಖದ ಕಡೆ ಮರದ ಕ್ಯಾಬಿನ್‌ನಲ್ಲಿ ಎರಡು ರಾತ್ರಿ ಇರಬೇಕು, ಹೇಗೆ ಪ್ಲಾನ್ ಮಾಡೋದು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿಂದ ಎರಡು ಕುಟುಂಬ, ಜೊತೆಗೆ ಆರು ವರ್ಷದ ಮಗಳು, ಮಂಡಿನೋವಿರುವ ಅತ್ತೆ. ಡಿಸೆಂಬರ್‌ನಲ್ಲಿ ಕುದುರೆಮುಖದ ಕಡೆ ಮರದ ಕ್ಯಾಬಿನ್‌ನಲ್ಲಿ ಎರಡು ರಾತ್ರಿ ಇರಬೇಕು, ಟೆಂಟ್ ಬೇಡ. ನಮ್ಮ ಮನೆ ಕುದುರೆಮುಖದ ಪಕ್ಕದ ಊರು ಕಳಸದ ಹತ್ತಿರ. ಬೆಂಗಳೂರಿನ ನೆಂಟರು, ಸ್ನೇಹಿತರು ಬರುವಾಗ ನನ್ನನ್ನು ಕೇಳುವುದೂ ಇದನ್ನೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆಚ್ಚಿನವರು ಮೊದಲು ಯಾವ ಫಾಲ್ಸ್, ಯಾವ ವ್ಯೂ ಪಾಯಿಂಟ್ ಅಂತ ಪಟ್ಟಿ ಮಾಡುತ್ತಾರೆ. ನೀವು ರಾತ್ರಿಯಿಂದ ಶುರು ಮಾಡಿ. ಹಗಲು ಹೇಗೋ ಚೆನ್ನಾಗಿಯೇ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಆರೂವರೆಗೆಲ್ಲ ಕತ್ತಲು. ಬೆಳಗ್ಗೆ ಏಳು ಗಂಟೆಗೂ ಮಂಜು ಬಿಟ್ಟಿರುವುದಿಲ್ಲ. ಅಂದರೆ ದಿನದ ಅರ್ಧ ಭಾಗ ಎಲ್ಲರೂ ಕ್ಯಾಬಿನ್ ಒಳಗೇ ಇರುತ್ತೀರಿ. ಆ ಹೊತ್ತು ಸುಖವಾಗಿದ್ದರೆ ಪ್ರವಾಸವೇ ಸುಖ.

ಅದಕ್ಕೇ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮಾತಾಡಿ. ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಕಾರು ಕ್ಯಾಬಿನ್ ಬಾಗಿಲ ತನಕ ಬರುತ್ತದಾ, ಇಲ್ಲಾ ಎಲ್ಲೋ ನಿಲ್ಲಿಸಿ ಜೀಪ್ ಹತ್ತಬೇಕಾ? ಎಷ್ಟು ಮೆಟ್ಟಿಲು? ಬಚ್ಚಲು ಒಳಗಿದೆಯಾ, ಹೊರಗಾ? ಕರೆಂಟ್ ಹೋದರೆ ಏನಿದೆ? ಮಲೆನಾಡಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ರಾತ್ರಿಯಿಡೀ ಕರೆಂಟ್ ಇಲ್ಲ ಅಂತಲೇ ಲೆಕ್ಕ. ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ ಅಂತಲೂ ಕೇಳಿ. ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಮಾತ್ರ ಸಿಗುತ್ತದೆ, ಅದೂ ಅಂಗಳದ ಒಂದು ಮೂಲೆಯಲ್ಲಿ. ಅತ್ತೆಯವರಿಗೆ ಒಳಗೇ ಕಮೋಡ್ ಇರುವ ಬಚ್ಚಲು ಬೇಕೇ ಬೇಕು. ಅದೊಂದರಲ್ಲಿ ರಾಜಿ ಮಾಡ್ಕೋಬೇಡಿ.

ಇನ್ನೊಂದು ಮುಖ್ಯವಾದ ಪ್ರಶ್ನೆ, ಬಿಸಿನೀರು ಹೇಗೆ ಕಾಯಿಸುತ್ತೀರಿ ಅಂತ. ಹಳೇ ಮನೆಗಳಲ್ಲಿ ಬಚ್ಚಲೊಲೆ ಇರುತ್ತದೆ. ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆ, ಕಾಫಿ ಗಿಡದ ಕಟ್ಟಿಗೆ. ಬೆಳಗಿನ ಜಾವ ಉರಿ ಹಾಕಿದರೆ ಎಲ್ಲರ ಸ್ನಾನ ಮುಗಿದರೂ ನೀರು ಕುದಿಯುತ್ತಲೇ ಇರುತ್ತದೆ. ಒಲೆ ಬಾಯಿ ಹೊರಗಡೆಗೆ ಇರುವುದರಿಂದ ಹೊಗೆಯೂ ಒಳಗೆ ಬರುವುದಿಲ್ಲ. ಸೋಲಾರ್ ಆದರೆ ಮೋಡ ಕವಿದ ದಿನ ನಂಬುವ ಹಾಗಿಲ್ಲ. ಗ್ಯಾಸ್ ಗೀಸರ್ ಅಂದರೆ ದಯವಿಟ್ಟು ಒಂದು ನಿಮಿಷ ನಿಂತು ಯೋಚಿಸಿ. ಅದು ಬಚ್ಚಲ ಒಳಗೇ ಇದ್ದು, ಕಿಟಕಿ ಮುಚ್ಚಿಕೊಂಡು ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಬಾಗಿಲು ತೆಗೆಯಲೂ ಶಕ್ತಿ ಇರುವುದಿಲ್ಲ. ಗೀಸರ್ ಹೊರಗಿರುವ ಕ್ಯಾಬಿನ್ ಹುಡುಕಿ. ಸಿಗದಿದ್ದರೆ ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿ ಹೋಗಲು ಬಿಟ್ಟು, ಆಮೇಲೆ ಮಗುವನ್ನು ಒಳಗೆ ಕಳಿಸಿ.

ಕೆಂಡದ ವಿಷಯವೂ ಹಾಗೇ. ಚಳಿ ಅಂತ ಇದ್ದಿಲು ತುಂಬಿದ ಬಾಣಲೆ ಒಳಗಿಟ್ಟು ಮಲಗುವವರಿದ್ದಾರೆ. ಹೊಗೆ ಇಲ್ಲ, ಹಾಗಾಗಿ ಅಪಾಯ ಇಲ್ಲ ಅಂದುಕೊಳ್ಳುತ್ತಾರೆ. ಮರದ ಕ್ಯಾಬಿನ್ ಸಂದಿಲ್ಲದಂತೆ ಕಟ್ಟಿದ್ದರೆ ಅದು ಪ್ರಾಣಕ್ಕೇ ಕುತ್ತು. ಬೆಂಕಿ ಕಾಯಿಸುವುದು ಅಂಗಳದಲ್ಲಿ, ಮನೆಯವರೇ ಹಾಕಿಕೊಟ್ಟಾಗ ಮಾತ್ರ. ಒಳಗೆ ಎರಡೆರಡು ಕಂಬಳಿ, ಸಾಕ್ಸ್, ಕಿವಿ ಮುಚ್ಚುವ ಟೋಪಿ, ಅಷ್ಟೇ ಸಾಕು. ನಮ್ಮ ಚಳಿ ಹಿಮಾಲಯದ ಚಳಿ ಅಲ್ಲ. ಆದರೆ ತೇವ ಜಾಸ್ತಿ. ರಾತ್ರಿ ಹೊರಗೆ ಹರವಿದ ಬಟ್ಟೆ ಬೆಳಗ್ಗೆ ಇನ್ನಷ್ಟು ಒದ್ದೆಯಾಗಿರುತ್ತದೆ. ಮಗಳಿಗೆ ಒಂದು ಜೊತೆ ಬಟ್ಟೆ ಜಾಸ್ತಿಯೇ ಇಟ್ಟುಕೊಳ್ಳಿ.

ಜಾಗದ ಬಗ್ಗೆ ಹೇಳಬೇಕಂದರೆ ನಿಮ್ಮ ಮುಂದೆ ಎರಡು ದಾರಿ. ರಾಷ್ಟ್ರೀಯ ಉದ್ಯಾನದ ಒಳಗೇ, ಭದ್ರಾ ನದಿ ಪಕ್ಕದಲ್ಲಿ ಭಗವತಿ ನೇಚರ್ ಕ್ಯಾಂಪ್ ಇದೆ. ಕಾಡಿನ ನಡುವೆ ಇರಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇನ್ನೊಂದು, ಕಳಸ, ಸಂಸೆ ಸುತ್ತಮುತ್ತಲ ಕಾಫಿ ತೋಟಗಳ ಹೋಂಸ್ಟೇಗಳು. ನಿಮಗೆ ಎರಡನೆಯದೇ ಸರಿ ಅಂತ ನನಗನ್ನಿಸುತ್ತದೆ. ಪಕ್ಕದಲ್ಲೇ ಮನೆಯವರು ಇರುತ್ತಾರೆ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಕೂಗಿದರೆ ಸಾಕು. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ನಡೆಯುತ್ತಿರುತ್ತದೆ. ಕಣದಲ್ಲಿ ಹರವಿದ ಕೆಂಪು ಹಣ್ಣಿನ ನಡುವೆ ನಿಮ್ಮ ಮಗಳು ಅರ್ಧ ದಿನ ಕಳೆಯುತ್ತಾಳೆ, ನೋಡ್ತಾ ಇರಿ. ಊಟ ಏನು ಬೇಕು ಅಂತ ಹಿಂದಿನ ದಿನವೇ ಹೇಳಿ. ಸಾಮಾನಿಗೆ ಅವರು ಕಳಸದ ಪೇಟೆಗೆ ಹೋಗಿ ಬರಬೇಕು. ಕಡುಬು, ಅಕ್ಕಿ ರೊಟ್ಟಿ ಕೇಳಿ ಮಾಡಿಸಿಕೊಳ್ಳಿ.

ತಿಂಗಳ ಕೊನೆಯ ವಾರ ಮಾತ್ರ ಬೇಡ. ರಸ್ತೆ ತುಂಬಾ ಕಾರು. ದತ್ತ ಜಯಂತಿ ದಿನಗಳನ್ನೂ ಕ್ಯಾಲೆಂಡರ್‌ನಲ್ಲಿ ನೋಡಿಕೊಳ್ಳಿ. ಬಾಬಾಬುಡನ್‌ಗಿರಿಯ ದತ್ತಪೀಠಕ್ಕೆ ಜನ ಸೇರುವುದರಿಂದ ಆಗ ಸಾಮಾನ್ಯವಾಗಿ ಪಕ್ಕದ ಮುಳ್ಳಯ್ಯನಗಿರಿ ಕಡೆಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಚಿಕ್ಕಮಗಳೂರಿನ ಮೇಲೆ ಬರುವವರಿಗೆ ತೊಂದರೆ.

ಬೆಂಗಳೂರಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಮೇಲೆ ಕಳಸಕ್ಕೆ ಸುಮಾರು 320 ಕಿಲೋಮೀಟರ್. ಬೆಳಗ್ಗೆ ಐದಕ್ಕೆ ಹೊರಡಿ. ಮೂಡಿಗೆರೆ ದಾಟಿದ ಮೇಲೆ ತಿರುವುಗಳೇ. ಮಗುವಿಗೆ ವಾಂತಿ ಮಾತ್ರೆಯನ್ನು ಡಾಕ್ಟರ್ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಹೊಸಬರು ಆ ರಸ್ತೆಯಲ್ಲಿ ಓಡಿಸುವುದು ಬೇಡ. ಮಂಜು ಇಳಿದರೆ ಮುಂದಿನ ತಿರುವೂ ಕಾಣುವುದಿಲ್ಲ. ಪೆಟ್ರೋಲ್, ನಗದು, ಔಷಧಿ ಎಲ್ಲ ಮೂಡಿಗೆರೆಯಲ್ಲೇ ಮುಗಿಸಿಕೊಳ್ಳಿ. ಕಳಸದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡ ತೊಂದರೆ ಆದರೆ ಚಿಕ್ಕಮಗಳೂರು ಅಥವಾ ಮಂಗಳೂರಿಗೇ ಹೋಗಬೇಕು.

ಇಂಬಳದ (ಜಿಗಣೆ) ಕಾಟ ಮಳೆಗಾಲದಷ್ಟು ಇರುವುದಿಲ್ಲ. ಆದರೆ ಬೇಸಿಗೆಗೆ ತಿರುಗುವ ಹೊತ್ತಿಗೆ ಮೈಗೆ ಕಚ್ಚಿ ರಕ್ತ ಹೀರುವ ಉಣುಗು (ಉಣ್ಣೆ) ಜಾಸ್ತಿಯಾಗುತ್ತದೆ, ಮಂಗನ ಕಾಯಿಲೆ ಅನ್ನುವ ಜ್ವರ ಹರಡುವುದು ಅದರಿಂದಲೇ. ಡಿಸೆಂಬರ್‌ನಿಂದ ಮೇ ತನಕ ಹುಷಾರಾಗಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಹೆದರಿ ಮನೆಯಲ್ಲೇ ಕೂರುವಂಥದ್ದಲ್ಲ. ಉದ್ದ ಪ್ಯಾಂಟ್ ಹಾಕಿ, ಅದರ ತುದಿ ಸಾಕ್ಸ್ ಒಳಗೆ ಸೇರಿಸಿ. ತರಗೆಲೆ ಮೇಲೆ ಕೂರಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಮಗುವಿನ ಕಿವಿ ಹಿಂದೆ, ಕಂಕುಳಲ್ಲಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಊರಿಗೆ ಹೋದ ಮೇಲೆ ವಾರ ಹತ್ತು ದಿನದಲ್ಲಿ ಜ್ವರ ಬಂದರೆ, ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಕುದುರೆಮುಖ ಶಿಖರದ ಚಾರಣ ಈ ಸಲ ಬಿಡಿ. ಹೋಗಿ ಬರಲು 20 ಕಿಲೋಮೀಟರಿಗೂ ಜಾಸ್ತಿ, ಇಡೀ ದಿನ ಬೇಕು. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು, ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ. ಹನುಮಾನ್ ಗುಂಡಿ ಜಲಪಾತಕ್ಕೂ ನೂರಾರು ಮೆಟ್ಟಿಲು, ಅತ್ತೆಯವರಿಗೆ ಆಗದು. ಒಂದು ಬೆಳಗ್ಗೆ ಉದ್ಯಾನದ ರಸ್ತೆಯಲ್ಲಿ ನಿಧಾನಕ್ಕೆ ಕಾರಲ್ಲಿ ಹೋಗಿ ಬನ್ನಿ. ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಶೋಲಾ ಕಾಡು, ಹುಲ್ಲಿನ ಬೆಟ್ಟ ಎರಡೂ ಕಿಟಕಿಯಿಂದಲೇ ಕಾಣುತ್ತವೆ. ಎಲ್ಲೆಂದರಲ್ಲಿ ಇಳಿಯುವಂತಿಲ್ಲ, ಕಸ ಬಿಸಾಡುವಂತಿಲ್ಲ. ಹುಲ್ಲು ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು ಬೆಟ್ಟ ಉರಿಯಲು.

ಇನ್ನೊಂದು ಹಗಲು ಹೊರನಾಡಿಗೆ ಇಡಿ. ಅನ್ನಪೂರ್ಣೇಶ್ವರಿ ದರ್ಶನ ಮಾಡಿ, ಅಲ್ಲೇ ಮಧ್ಯಾಹ್ನದ ಊಟ ಮುಗಿಸಿ ಕ್ಯಾಬಿನ್‌ಗೆ ಬನ್ನಿ. ಯಾವ ತಾರೀಖು, ಒಟ್ಟು ಎಷ್ಟು ಜನ ಅಂತ ಇಲ್ಲೇ ಬರೆದರೆ, ಸಂಸೆ ಕಡೆ ಒಳ್ಳೆಯದಾ ಕಳಸದ ಕಡೆನಾ ಅಂತ ಹೇಳುತ್ತೇನೆ.