ಫಿಫಾ ರ‍್ಯಾಂಕಿಂಗ್ ನೋಡಿ ಒಂದು ತಂಡ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಎಷ್ಟು ದೂರ ಹೋಗುತ್ತದೆ ಅಂತ ಹೇಳಬಹುದೇ?

ಸ್ವಲ್ಪ ಮಟ್ಟಿಗೆ ಹೇಳಬಹುದು. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಕೈ ಸುಟ್ಟುಕೊಳ್ಳುತ್ತೀರಿ. 2022ರಲ್ಲಿ ಬೆಲ್ಜಿಯಂ ಕತಾರ್‌ಗೆ ಬಂದಿದ್ದು 2ನೇ ರ‍್ಯಾಂಕ್ ಹೊತ್ತು. ಅದೇ ಗುಂಪಿನ ಮೊರಾಕೊ 22ನೇದು. ಮೊರಾಕೊ 2-0ಯಿಂದ ಬೆಲ್ಜಿಯಂ ತಂಡವನ್ನು ಸೋಲಿಸಿತು, ಸೆಮಿಫೈನಲ್‌ವರೆಗೂ ಹೋಯಿತು. ಬೆಲ್ಜಿಯಂ ಗುಂಪಿನ ಹಂತದಲ್ಲೇ ಗಂಟುಮೂಟೆ ಕಟ್ಟಿತು.

ನಾನು ಮೊದಲು ನೋಡುವುದು ಡಿಫೆನ್ಸ್. ಸೆಮಿಫೈನಲ್‌ಗೆ ಮುಂಚಿನ 5 ಪಂದ್ಯಗಳಲ್ಲಿ ಮೊರಾಕೊ ಬಿಟ್ಟಿದ್ದು ಒಂದೇ ಗೋಲು. ಅದೂ ಕೆನಡಾದವರು ಹೊಡೆದ ಚೆಂಡು ಮೊರಾಕೊ ಆಟಗಾರನ ಕಾಲಿಗೇ ತಾಗಿ ಒಳಗೆ ಹೋಗಿದ್ದು! ಗೋಲು ಬಿಡದ ತಂಡ ಆಟವನ್ನು ಪೆನಾಲ್ಟಿ ಶೂಟೌಟ್‌ವರೆಗಾದರೂ (ಸಮವಾದಾಗ ಒಬ್ಬೊಬ್ಬರಾಗಿ ಗೋಲಿಗೆ ಹೊಡೆದು ತೀರ್ಮಾನಿಸುವುದು) ಎಳೆಯುತ್ತದೆ. ಸ್ಪೇನನ್ನು ಮನೆಗೆ ಕಳಿಸಿದ್ದು ಹಾಗೇ.

ಆಮೇಲೆ ಗಾಯ. ಬೆಲ್ಜಿಯಂಗೆ ಗೋಲು ಹೊಡೆಯುವ ಮುಖ್ಯ ಆಟಗಾರ ಲುಕಾಕು ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಕ್ರೊಯೇಷ್ಯಾ ವಿರುದ್ಧ ಅರ್ಧ ಆಟ ಮುಗಿದ ಮೇಲೆ ಮೈದಾನಕ್ಕೆ ಇಳಿದರು. ಒಂದು ಹೊಡೆತ ಕಂಬಕ್ಕೆ ಬಡಿಯಿತು. ಕೊನೆಯ ನಿಮಿಷಗಳಲ್ಲಿ ಗೋಲಿನ ಬಾಯಲ್ಲೇ ಅವಕಾಶ ತಪ್ಪಿತು. ಪಂದ್ಯ 0-0. ಸಿಟ್ಟಿನಲ್ಲಿ ಬೆಂಚಿನ ಪಕ್ಕದ ಗಾಜಿನಂಥ ಹಲಗೆಯನ್ನೇ ಗುದ್ದಿ ಒಡೆದರು, ಪಾಪ.

ಡ್ರಾ, ಅಂದರೆ ಚೀಟಿ ಎತ್ತಿದಾಗ ಸಿಗುವ ಎದುರಾಳಿಗಳು, ಎಷ್ಟು ಸುಲಭ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಆದರೆ ಜಾಸ್ತಿ ಜನ ಮರೆಯುವುದು ಪೆನಾಲ್ಟಿ ಶೂಟೌಟನ್ನು. ಕ್ರೊಯೇಷ್ಯಾ ಜನಸಂಖ್ಯೆ ಸುಮಾರು 40 ಲಕ್ಷ, ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. 2018 ಮತ್ತು 2022ರಲ್ಲಿ ಒಟ್ಟು 4 ಶೂಟೌಟ್ ಆಡಿದರು, ನಾಲ್ಕನ್ನೂ ಗೆದ್ದರು. ಒಮ್ಮೆ ಫೈನಲ್, ಇನ್ನೊಮ್ಮೆ 3ನೇ ಸ್ಥಾನ.