ತುಮಕೂರಿನಲ್ಲಿದ್ದುಕೊಂಡು ಸಮುದ್ರದ ಈಜು ಸ್ಪರ್ಧೆಗೆ ತಯಾರಾಗಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತುಮಕೂರಿನಲ್ಲಿದ್ದೀರಿ, ಈಜುಕೊಳದಲ್ಲಿ ಒಂದೂವರೆ ಕಿಲೋಮೀಟರ್ ಆರಾಮಾಗಿ ಹೊಡೆಯುತ್ತೀರಿ, ಮಂಗಳೂರಿನಲ್ಲಿ 2 ಕಿ.ಮೀ. ಸಮುದ್ರ ಈಜಿಗೆ ಹೆಸರು ಕೊಡುವ ಆಸೆ. ಆದರೆ ಕಡಲು ಇರುವುದು 300 ಕಿ.ಮೀ. ಆಚೆ. ಆಗುತ್ತಾ?

ಆಗುತ್ತೆ. ನಾನು ಗುಬ್ಬಿ ಕಡೆಯವನು, ಕೆಲಸ ತುಮಕೂರಿನಲ್ಲಿ. 38ನೇ ವಯಸ್ಸಿನಲ್ಲಿ ತಣ್ಣೀರುಬಾವಿ ಬೀಚಿನಲ್ಲಿ ಇದೇ 2 ಕಿ.ಮೀ. ಈಜಿದೆ. ನನ್ನ ಹಿಂದೆ ಬಂದವರನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಹಾಗಾಗಿ ಇದು ಗೆದ್ದವನ ಸಲಹೆ ಅಲ್ಲ, ದಡಕ್ಕೆ ವಾಪಸ್ ಬಂದವನದು.

ಮೊದಲು ಒಂದು ಲೆಕ್ಕ. 25 ಮೀಟರ್ ಕೊಳದಲ್ಲಿ 2 ಕಿ.ಮೀ. ಅಂದರೆ 80 ಉದ್ದ, ನಡುವೆ 79 ಸಲ ಗೋಡೆ. ಪ್ರತಿ ಸಲ ಗೋಡೆಗೆ ಕಾಲು ಕೊಟ್ಟು ಒದ್ದಾಗ ಮೂರ್ನಾಲ್ಕು ಮೀಟರ್ ಪುಕ್ಕಟೆ ಸಿಗುತ್ತದೆ. ಕೂಡಿಸಿ ನೋಡಿ, ಹತ್ತಿರ ಹತ್ತಿರ ಕಾಲು ಕಿಲೋಮೀಟರ್ ನೀವು ಈಜಿಯೇ ಇರುವುದಿಲ್ಲ! ಅದಕ್ಕಿಂತ ಹೆಚ್ಚಾಗಿ, ಅರ್ಧ ನಿಮಿಷಕ್ಕೊಮ್ಮೆ ಕೈಗೆ ಒಂದು ಗೋಡೆ ಸಿಗುತ್ತದೆ ಅನ್ನುವ ಧೈರ್ಯ ಇರುತ್ತದಲ್ಲ, ಸಮುದ್ರ ಮೊದಲು ಕಿತ್ತುಕೊಳ್ಳುವುದು ಅದನ್ನೇ. ನಾನು ಆರು ತಿಂಗಳು ದಮ್ಮು ಹೆಚ್ಚಿಸಿಕೊಳ್ಳುವುದರಲ್ಲೇ ಕಳೆದೆ. ದಮ್ಮು ಸಾಲದೆ ನಾನು ಎಲ್ಲೂ ನಿಲ್ಲಲಿಲ್ಲ. ನಿಂತದ್ದು ಹೆದರಿಕೆಗೆ.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೋದರಮಾವ ಸೊಂಟಕ್ಕೆ ಒಣ ಸೊರೆಬುರುಡೆ ಕಟ್ಟಿ ಮೆಟ್ಟಿಲ ಮೇಲಿಂದ ತಳ್ಳಿದ್ದರು. ಬಾವಿ ಈಜು ನಿಮಗೂ ಗೊತ್ತಿರಬಹುದು, ತಲೆ ಸದಾ ನೀರಿನ ಮೇಲೆ. ಕೊಳಕ್ಕೆ ಸೇರಿದಾಗ ಕೋಚ್ ಮೊದಲ ದಿನವೇ ಬೈದರು, "ತಲೆ ಒಳಗಿಡ್ರೀ, ಯಾರನ್ನ ಹುಡುಕ್ತಿದ್ದೀರಾ?" ಅಂತ. ಆ ಅಭ್ಯಾಸ ಬಿಡಿಸೋಕೆ ಅವರಿಗೆ ಮೂರು ತಿಂಗಳು ಹಿಡಿಯಿತು. ಕೊನೆಗೆ ನೋಡಿದರೆ ಸಮುದ್ರದಲ್ಲಿ ಬೇಕಾದದ್ದು ಅದರ ಅರ್ಧ. ಅಲ್ಲಿ ಕೊಳದ ಹಾಗೆ ತಳದಲ್ಲಿ ದಾರಿ ತೋರುವ ಕಪ್ಪು ಗೆರೆ ಇರುವುದಿಲ್ಲ. ತಣ್ಣೀರುಬಾವಿಯಲ್ಲಿ ನೀರೊಳಗೆ ನನ್ನ ಮೊಣಕೈ ತನಕ ಕಂಡಿತು, ಬೆರಳು ಕಾಣಲಿಲ್ಲ. ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ಮಾತ್ರ, ಮೊಸಳೆ ಹಾಗೆ, ನೀರಿನ ಮೇಲೆತ್ತಿ ದಿಕ್ಕು ನೋಡಿಕೊಳ್ಳಬೇಕು. ಇದಕ್ಕೆ ಸೈಟಿಂಗ್ ಅನ್ನುತ್ತಾರೆ. ಬಾಯಿ ಎತ್ತಿದರೆ ಸೊಂಟ ಮುಳುಗುತ್ತದೆ. ಆದ್ದರಿಂದ ಕಣ್ಣಲ್ಲಿ ನೋಡುವುದು ಬೇರೆ, ಪಕ್ಕಕ್ಕೆ ತಿರುಗಿ ಉಸಿರು ತಗೊಳ್ಳುವುದು ಬೇರೆ.

ಇದನ್ನೆಲ್ಲ ತುಮಕೂರಿನ ಕೊಳದಲ್ಲೇ ಕಲಿಯಬಹುದು. ಜನ ಕಮ್ಮಿ ಇರುವ ಹೊತ್ತಿಗೆ ಹೋಗಿ, ಕಣ್ಣು ಮುಚ್ಚಿ ಹತ್ತು ಸಲ ಕೈ ಬೀಸಿ, ಆಮೇಲೆ ಎಲ್ಲಿದ್ದೀರಿ ನೋಡಿ. ನಾನು ಪ್ರತಿ ಸಲವೂ ಎಡಕ್ಕೆ ಎಳೆದುಕೊಂಡು ಹೋಗಿ ಹಗ್ಗಕ್ಕೆ ಡಿಕ್ಕಿ ಹೊಡೆಯುತ್ತಿದ್ದೆ. ಬಲಗೈ ಜೋರು, ಉಸಿರು ಒಂದೇ ಪಕ್ಕಕ್ಕೆ. ಎರಡೂ ಪಕ್ಕ ಉಸಿರಾಡುವುದನ್ನು ಕಲಿತ ಮೇಲೆ ಸರಿಹೋಯಿತು. ಅಲೆ ಬಲದಿಂದ ಬಂದರೆ ಎಡಕ್ಕೆ ತಿರುಗಿ ಉಸಿರು ತಗೊಳ್ಳಲೂ ಇದೇ ಬೇಕು, ಇಲ್ಲದಿದ್ದರೆ ಉಪ್ಪು ನೀರೇ ಊಟ. ಆಳದ ಕಡೆ ಗೋಡೆ ಮುಟ್ಟದೆ ಸುತ್ತು ಹಾಕಿ, ಹತ್ತು ನಿಮಿಷದಿಂದ ಶುರು ಮಾಡಿ ನಲವತ್ತಕ್ಕೆ ಹೋಗಿ. ಇಬ್ಬರು ಸ್ನೇಹಿತರನ್ನು ಅಕ್ಕಪಕ್ಕ ಈಜಲು ಹೇಳಿ, ಕೈಕಾಲು ತಗುಲಲಿ. ರೇಸಿನ ಮೊದಲ ನೂರು ಮೀಟರ್ ಸಂತೆ ಇದ್ದ ಹಾಗೆ, ಯಾರದೋ ಹಿಮ್ಮಡಿ ನಿಮ್ಮ ಗಾಗಲ್ಸಿಗೆ ಬೀಳುತ್ತದೆ.

ಕೆರೆಯಲ್ಲಿ ಅಭ್ಯಾಸ ಮಾಡಬಹುದಾ ಅಂತ ಕೇಳುತ್ತೀರಿ ಅಂತ ಗೊತ್ತು. ಒಬ್ಬರೇ ಹೋಗಬೇಡಿ ಅಷ್ಟೇ ಅಲ್ಲ, ಹೋಗಲೇಬೇಡಿ ಅನ್ನುತ್ತೇನೆ. ಹೂಳು ತೆಗೆಯಲು ಜೆಸಿಬಿ ತೋಡಿದ ಗುಂಡಿ ಎಲ್ಲಿದೆ ಅಂತ ಮೇಲಿಂದ ಕಾಣುವುದಿಲ್ಲ, ಜೊಂಡು, ಮೀನಿನ ಬಲೆ ಬೇರೆ. ಅದಕ್ಕಿಂತ ಕೆಟ್ಟದ್ದು ಕೃಷಿ ಹೊಂಡ. ನೋಡಲು ಸಣ್ಣ ಈಜುಕೊಳದ ಹಾಗೆ ನೀಲಿಯಾಗಿ ಚೆಂದ, ಆದರೆ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ, ಒಳ್ಳೆ ಈಜುಗಾರನಿಗೂ ಮೇಲೆ ಹತ್ತಲು ಆಗುವುದಿಲ್ಲ. ನಮ್ಮ ಕಡೆ ಹೊಂಡದಲ್ಲಿ ಹೋದವರ ಸುದ್ದಿ ನೀವೂ ಓದಿರುತ್ತೀರಿ. ಬದಲಿಗೆ ರೇಸಿಗೆ ಎರಡು ಮೂರು ವಾರ ಮುಂಚೆ ಒಂದು ವಾರಾಂತ್ಯ ಮಂಗಳೂರಿಗೆ ಹೋಗಿ ಬನ್ನಿ. ಅಲ್ಲಿ ಈಜುವವರ ಗುಂಪಿನ ಜೊತೆ, ಜೀವರಕ್ಷಕರು ಇರುವ ಬೀಚಿನಲ್ಲಿ, ಬೆಳಗ್ಗೆ ಮಾತ್ರ ಇಳಿಯಿರಿ. ಮಧ್ಯಾಹ್ನ ಕಡಲ ಗಾಳಿ ಎದ್ದರೆ ನೀರು ಕದಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ, ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗುವಂತಿಲ್ಲ.

ಮೊದಲ ಸಲ ಇಳಿದಾಗ ನನಗೆ ಆದದ್ದು ಹೇಳುತ್ತೇನೆ. ದಡದ ಹತ್ತಿರ ಒಡೆಯುವ ಅಲೆಯನ್ನು ಎದೆ ಕೊಟ್ಟು ತಡೆಯಲು ಹೋದೆ, ಅದು ನನ್ನನ್ನು ಎತ್ತಿ ವಾಪಸ್ ಮರಳಿಗೆ ಹಾಕಿತು. ಎರಡನೇ ಸಲವೂ ಅದೇ. ನೋಡುತ್ತಿದ್ದ ಮೀನುಗಾರರೊಬ್ಬರು ಕೈಯಲ್ಲೇ ತೋರಿಸಿದರು: ಅಡಿಗೆ ಹೋಗು. ಅಲೆ ಬರುವಾಗ ಅದರ ಬುಡದಲ್ಲಿ ನುಸುಳಿದರೆ ಮೇಲೆ ಹಾದು ಹೋಗುತ್ತದೆ, ಅಷ್ಟೇ. ಆಚೆ ಹೋದ ಮೇಲೆ ಸಮುದ್ರ ಮೆತ್ತಗಾಗುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಕಾಲು ತಾನಾಗೇ ತೇಲುತ್ತದೆ, ಬಾವಿಗಿಂತ ಸಲೀಸು. ನೀರು ಒಳಕ್ಕೆ ಎಳೆಯುತ್ತಿದೆ ಅನ್ನಿಸಿದರೆ ದಡಕ್ಕೆ ನೇರ ಗುದ್ದಾಡಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಬನ್ನಿ.

ರೇಸಿನ ದಿನ ನಾನು ಬೇಕಂತಲೇ ಎಲ್ಲರಿಗಿಂತ ಹಿಂದೆ ನಿಂತೆ. ಆದರೂ ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟಿದ್ದ ಮೊದಲ ತಿರುವಿನ ಬಲೂನಿಗೆ ಮುಂಚೆ ಎದೆ ಹಿಡಿದುಕೊಂಡಿತು, ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಅಂಗಾತ ತಿರುಗಿ ತೇಲಿದೆ, ಆಕಾಶ ನೋಡಿದೆ. ಕಯಾಕಿನ ಹುಡುಗ ಹತ್ತಿರ ಬಂದು "ಓಕೆನಾ ಸರ್?" ಅಂದ. ಅವನ ದೋಣಿ ಹಿಡಿದುಕೊಂಡು ಸುಧಾರಿಸಿಕೊಳ್ಳಬಹುದು, ಮುಂದಕ್ಕೆ ಎಳೆಸಿಕೊಳ್ಳಬಾರದು ಅಷ್ಟೇ ಅಂತ ಮುಂಚೆಯೇ ಹೇಳಿದ್ದರು. ನಾನು ಹಿಡಿದುಕೊಂಡೆ, ನಾಚಿಕೆ ಏನಿಲ್ಲ. ಒಂದು ನಿಮಿಷ ಉಸಿರನ್ನು ನೀರೊಳಗೆ ಗುಳುಗುಳು ಬಿಡುತ್ತಾ ಎಣಿಸಿದೆ. ಬಾವಿಯ ತಳವೂ ನನಗೆ ಎಂದೂ ಕಂಡಿರಲಿಲ್ಲ ಅನ್ನುವುದು ಆಗ ನೆನಪಾಯಿತು. ಆಮೇಲೆ ಎಲ್ಲೂ ನಿಲ್ಲಲಿಲ್ಲ.

ಯಾರೂ ಹೇಳಿರದ ಒಂದು ವಿಷಯ: ನಮ್ಮ ಕರಾವಳಿಯಲ್ಲಿ ಸಮುದ್ರ ಪಶ್ಚಿಮಕ್ಕೆ, ಬೆಳಗಿನ ರೇಸಿನಲ್ಲಿ ವಾಪಸ್ ಬರುವಾಗ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ. ತಿಳಿ ಗಾಗಲ್ಸ್ ಹಾಕಿಕೊಂಡಿದ್ದ ನನಗೆ ಬಲೂನು ಕಾಣಲೇ ಇಲ್ಲ. ಕೊನೆಗೆ ದಡದ ಗಾಳಿಮರಗಳ ಸಾಲಿನಲ್ಲಿ ಒಂದು ಎತ್ತರದ ತುದಿ ಹಿಡಿದು ಬಂದೆ. ಕಪ್ಪು ಗಾಜಿನದು ತಗೊಳ್ಳಿ. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಗಾಳಿಚೀಲವನ್ನೂ ತಗೊಳ್ಳಿ, ಸೊರೆಬುರುಡೆಯ ನೆಂಟನೇ ಅನ್ನಿ, ಬೆಲೆ ಮಾತ್ರ ಜಾಸ್ತಿ, ಆದರೆ ಬುರುಡೆಯ ಹಾಗೆ ಮೈಯನ್ನು ಎತ್ತಿ ಹಿಡಿಯುವುದಿಲ್ಲ, ಹಿಂದೆ ತೇಲಿಕೊಂಡು ಬರುತ್ತದೆ. ಹಿಂದಿನ ರಾತ್ರಿ ಬಂಗುಡೆ ಸಾರು ಬೇಡ, ನಡುನೀರಿನಲ್ಲಿ ತೇಗು ಬರುತ್ತದೆ.

ಕತ್ತು, ಕಂಕುಳಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿಕೊಳ್ಳಿ. ನಾನು ತಿಪಟೂರು ಕೊಬ್ಬರಿ ಎಣ್ಣೆಯ ಅಭಿಮಾನದಲ್ಲಿ ಅದನ್ನೇ ಹಚ್ಚಿದ್ದೆ, ಅರ್ಧ ದಾರಿಗೆ ತೊಳೆದುಹೋಯಿತು. ರೇಸ್ ಮುಗಿದ ಮೇಲೆ ಸಿಹಿನೀರಿನ ಸ್ನಾನಕ್ಕೆ ಕ್ಯೂ ನೋಡಿ ಬೇಸರವಾಗಿ ಹಾಗೇ ಬಸ್ ಹತ್ತಿದೆ. ಶಿರಾಡಿ ಘಾಟಿ, ಹಾಸನ, ಕುಣಿಗಲ್, ಅಷ್ಟು ದೂರವೂ ಕತ್ತು ಉರಿ, ಮೈ ತುರಿಕೆ. ಪಕ್ಕದ ಸೀಟಿನ ಅಜ್ಜಿ ಹಾಸನದಲ್ಲಿ ಎದ್ದು ಬೇರೆ ಸೀಟಿಗೆ ಹೋದರು.