ಟ್ಯಾಂಗ್ ಮುಳುಗಿದ್ದು ಯಾರ ತಪ್ಪಿನಿಂದ?

ಕಾರವಾರದ ಓದುಗರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿರುದ್ಧ ಹೋರಾಡಿದ ಅಮೆರಿಕದ ‘ಟ್ಯಾಂಗ್’ ಜಲಾಂತರ್ಗಾಮಿ ತನ್ನದೇ ಟಾರ್ಪಿಡೊ (ನೀರೊಳಗೆ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಆಯುಧ) ಬಡಿದು ಮುಳುಗಿತು ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬಂದಿತ್ತು. ಅದನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ‘ಬಿಟ್ಟ ಟಾರ್ಪಿಡೊ ವಾಪಸ್ ಬರಲು ಹೇಗೆ ಸಾಧ್ಯ? ಸಿಬ್ಬಂದಿಯ ಬೇಜವಾಬ್ದಾರಿಯನ್ನು ಮುಚ್ಚಲು ಕಟ್ಟಿದ ಕಥೆ ಇರಬೇಕು’ ಎಂಬುದು ಮೊದಲನೆಯದು. ‘ಟ್ಯಾಂಗ್ 33 ಹಡಗು ಮುಳುಗಿಸಿತು ಅಂತ ನೀವು ಬರೆದಿದ್ದೀರಿ, ನಾನು ಬೇರೆ ಕಡೆ 24 ಅಂತ ಓದಿದ್ದೆ, ಯಾವುದು ಸರಿ?’ ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ತಪ್ಪು ಸಿಬ್ಬಂದಿಯದಲ್ಲ. ಆದರೆ ಅಷ್ಟು ಹೇಳಿ ಸುಮ್ಮನಾದರೆ ಆ ಹುಡುಗರಿಗೆ ನ್ಯಾಯ ಸಿಗುವುದಿಲ್ಲ. ಅವರು ಎಂಥ ಕೆಲಸಗಾರರು ಎಂದು ತಿಳಿಯಲು ಟ್ಯಾಂಗ್‌ನ ಒಂಬತ್ತು ತಿಂಗಳ ಯುದ್ಧವನ್ನು ಮೊದಲಿಂದ ನೋಡಬೇಕು.

ಟ್ಯಾಂಗ್ ತಯಾರಾದದ್ದು ಕ್ಯಾಲಿಫೋರ್ನಿಯಾದ ಮೇರ್ ಐಲ್ಯಾಂಡ್ ಹಡಗುಕಟ್ಟೆಯಲ್ಲಿ. ನೌಕಾಪಡೆಗೆ ಸೇರಿದ್ದು 1943ರ ಅಕ್ಟೋಬರ್ 15ರಂದು. ಅದರ ಕಮಾಂಡರ್ ರಿಚರ್ಡ್ ಓಕೇನ್. ಅವರು ಅದಕ್ಕೆ ಮೊದಲು ‘ವಾಹೂ’ ಎಂಬ ಹೆಸರಾಂತ ಜಲಾಂತರ್ಗಾಮಿಯಲ್ಲಿ ಡಡ್ಲಿ ಮಾರ್ಟನ್ ಕೈಕೆಳಗೆ ಎರಡನೇ ಅಧಿಕಾರಿಯಾಗಿದ್ದರು. ಟ್ಯಾಂಗ್ ನೌಕಾಪಡೆ ಸೇರುವ ನಾಲ್ಕು ದಿನ ಮೊದಲು, ಅಕ್ಟೋಬರ್ 11ರಂದು, ವಾಹೂ ಜಪಾನಿನ ಉತ್ತರಕ್ಕಿರುವ ಲಾ ಪೆರೂಸ್ ಜಲಸಂಧಿಯಲ್ಲಿ ಎಲ್ಲ ಸಿಬ್ಬಂದಿಯೊಂದಿಗೆ ಮುಳುಗಿತ್ತು. ಹೊಸ ಹುದ್ದೆ ಬರದೇ ಇದ್ದಿದ್ದರೆ ಓಕೇನ್ ಕೂಡ ಅದರಲ್ಲೇ ಇರುತ್ತಿದ್ದರೇನೋ.

ಟ್ಯಾಂಗ್ ಕಡಲಿಗಿಳಿದ ಹೊತ್ತೂ ಒಳ್ಳೆಯದೇ. ಅದಕ್ಕೆ ಹಿಂದಿನ ಸುಮಾರು ಎರಡು ವರ್ಷ ಅಮೆರಿಕದ ಜಲಾಂತರ್ಗಾಮಿಗಳನ್ನು ಅವುಗಳ ಮಾರ್ಕ್ 14 ಟಾರ್ಪಿಡೊಗಳೇ ಕಾಡಿದ್ದವು. ಅವು ಹೊಂದಿಸಿದ ಆಳಕ್ಕಿಂತ ಕೆಳಗೆ ಓಡುತ್ತಿದ್ದವು. ಕೆಲವು ಹಡಗಿಗೆ ಬಡಿದರೂ ಸಿಡಿಯುತ್ತಿರಲಿಲ್ಲ. ‘ನಿಮಗೆ ಗುರಿ ಇಡಲು ಬರುವುದಿಲ್ಲ’ ಎಂದು ಮೇಲಿನವರು ಕಮಾಂಡರ್‌ಗಳನ್ನೇ ದೂರುತ್ತಿದ್ದರು. ಈ ದೋಷಗಳೆಲ್ಲ ಸರಿಯಾದದ್ದು 1943ರ ಶರತ್ಕಾಲದ ಹೊತ್ತಿಗೆ. ಆಯುಧದ ದೋಷವನ್ನು ಆಳುಗಳ ತಲೆಗೆ ಕಟ್ಟುವುದು ಆಗಲೇ ಒಮ್ಮೆ ನಡೆದಿತ್ತು. ನಿಮ್ಮ ಅನುಮಾನ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

1944ರ ಜನವರಿ 22ರಂದು ಟ್ಯಾಂಗ್ ಪರ್ಲ್ ಹಾರ್ಬರ್‌ನಿಂದ ಮೊದಲ ಗಸ್ತಿಗೆ ಹೊರಟಿತು. 24 ಟಾರ್ಪಿಡೊಗಳಲ್ಲಿ 16 ಗುರಿ ಮುಟ್ಟಿದವು. ಐದು ಹಡಗು ಮುಳುಗಿದವು.

ಎರಡನೇ ಗಸ್ತಿನಲ್ಲಿ ಒಂದು ಹಡಗೂ ಮುಳುಗಲಿಲ್ಲ. ನನ್ನ ಮಟ್ಟಿಗೆ ಟ್ಯಾಂಗ್‌ನ ಅತ್ಯುತ್ತಮ ಗಸ್ತು ಅದು. ಏಪ್ರಿಲ್ ಕೊನೆಯಲ್ಲಿ ಅಮೆರಿಕದ ವಿಮಾನಗಳು ಪೆಸಿಫಿಕ್ ಸಾಗರದಲ್ಲಿ ಜಪಾನಿನ ನೆಲೆಯಾಗಿದ್ದ ಟ್ರುಕ್ ದ್ವೀಪಗಳ ಮೇಲೆ ದಾಳಿ ಮಾಡಿದವು. ಪೆಟ್ಟು ತಿಂದು ಕಡಲಿಗೆ ಬಿದ್ದ ವಿಮಾನಗಳವರನ್ನು ಎತ್ತಿಕೊಳ್ಳುವುದು ಟ್ಯಾಂಗ್‌ನ ಕೆಲಸ. ಶತ್ರುವಿನ ನೆಲೆಯ ಪಕ್ಕದಲ್ಲೇ, ಹಾಡಹಗಲಲ್ಲಿ, ನೀರಿನ ಮೇಲೆ ಓಡಾಡುತ್ತಾ ಅದು 22 ಜನರನ್ನು ಉಳಿಸಿತು. ‘ನಾರ್ತ್ ಕ್ಯಾರೊಲೈನಾ’ ಯುದ್ಧನೌಕೆಯ ಒಂದು ಪುಟ್ಟ ತೇಲುವಿಮಾನ ನೀರಲ್ಲಿ ಬಿದ್ದವರನ್ನು ತನ್ನ ರೆಕ್ಕೆಯ ಮೇಲೆಲ್ಲ ಹತ್ತಿಸಿಕೊಂಡಿತ್ತು. ಅಷ್ಟು ಭಾರಕ್ಕೆ ಅದು ಮೇಲೇಳುವಂತಿರಲಿಲ್ಲ. ತೇಲಿಕೊಂಡೇ ಟ್ಯಾಂಗ್‌ವರೆಗೂ ಬಂತು. ಎಲ್ಲರನ್ನೂ ಒಳಗೆ ಕರೆದುಕೊಂಡ ಮೇಲೆ, ಜಖಂ ಆಗಿದ್ದ ಆ ವಿಮಾನವನ್ನು ಗುಂಡು ಹೊಡೆದು ಮುಳುಗಿಸಿದರು.

ಮೂರನೇ ಗಸ್ತು ಜೂನ್ ಮತ್ತು ಜುಲೈನಲ್ಲಿ, ಪೂರ್ವ ಚೀನಾ ಸಮುದ್ರ ಮತ್ತು ಹಳದಿ ಸಮುದ್ರದಲ್ಲಿ ನಡೆಯಿತು. ಹತ್ತು ಹಡಗು ಮುಳುಗಿದವು. ಜೂನ್ 24ರ ರಾತ್ರಿ ಓಕೇನ್ ಒಂದು ಹಡಗುಸಾಲಿನ ಮೇಲೆ ಆರು ಟಾರ್ಪಿಡೊ ಬಿಟ್ಟರು. ಎರಡು ಹಡಗು ಹೋದವು ಎಂದುಕೊಂಡರು. ಹೋದದ್ದು ನಾಲ್ಕು ಎಂದು ಯುದ್ಧ ಮುಗಿದ ಮೇಲೆ ಜಪಾನಿನ ದಾಖಲೆಗಳಿಂದ ಗೊತ್ತಾಯಿತು. ಅವುಗಳಲ್ಲಿ ಒಂದು ‘ತಮಾಹೊಕೊ ಮಾರು’. ಅದರೊಳಗೆ 772 ಯುದ್ಧಕೈದಿಗಳಿದ್ದರು, ಎಲ್ಲರೂ ಮಿತ್ರರಾಷ್ಟ್ರಗಳ ಕಡೆಯವರೇ. 560 ಮಂದಿ ಸತ್ತರು. ಕೈದಿಗಳಿದ್ದಾರೆ ಎನ್ನುವ ಗುರುತು ಹಡಗಿನ ಮೇಲೆ ಇರಲಿಲ್ಲ. ಕತ್ತಲಲ್ಲಿ ಓಕೇನ್‌ಗೆ ಕಂಡದ್ದು ಒಂದು ಶತ್ರು ಹಡಗು, ಅಷ್ಟೇ. ಇದಕ್ಕೂ ನಾನು ಅವರನ್ನು ದೂರಲಾರೆ. ಆದರೆ ಟ್ಯಾಂಗ್‌ನ ಸಾಧನೆ ಬರೆಯುವವರು ಈ 560 ಜನರನ್ನು ಬಿಟ್ಟು ಬರೆಯಬಾರದು.

ಹಡಗಿನ ಲೆಕ್ಕಕ್ಕೆ ಬರೋಣ. ಯುದ್ಧಕಾಲದಲ್ಲಿ ಓಕೇನ್ ಹೆಸರಿಗೆ ಬರೆದದ್ದು 31 ಹಡಗು, 2,27,800 ಟನ್. ಯುದ್ಧದ ನಂತರ ಒಂದು ಜಂಟಿ ಸಮಿತಿ ಜಪಾನಿನ ದಾಖಲೆ ನೋಡಿ 24 ಹಡಗು, 93,824 ಟನ್ ಎಂದಿತು. 500 ಟನ್ನಿಗಿಂತ ಚಿಕ್ಕ ವ್ಯಾಪಾರಿ ಹಡಗುಗಳನ್ನು ಆ ಸಮಿತಿ ಎಣಿಸಲೇ ಇಲ್ಲ. ಮುಂದೆ ದಾಖಲೆಗಳನ್ನು ಮತ್ತೆ ತಾಳೆ ನೋಡಿದಾಗ 33 ಹಡಗು, 1,16,454 ಟನ್ ಎಂದಾಯಿತು. ನೀವು ಓದಿದ್ದೂ ನಾವು ಬರೆದದ್ದೂ ಬೇರೆ ಬೇರೆ ಕಾಲದ ಲೆಕ್ಕ. ರಾತ್ರಿ ಹೊತ್ತು ಪೆರಿಸ್ಕೋಪಿನಲ್ಲಿ ನೋಡಿ ಹಡಗಿನ ಗಾತ್ರ ಅಂದಾಜು ಮಾಡುವಾಗ ಟನ್ನು ಜಾಸ್ತಿಯಾಗುವುದು ಸಹಜ ಅಲ್ವಾ?

ನಾಲ್ಕನೇ ಗಸ್ತು ಜಪಾನಿನ ಕರಾವಳಿಯಲ್ಲೇ ಮುಗಿಯಿತು. ಸೆಪ್ಟೆಂಬರ್ 24ಕ್ಕೆ ಐದನೆಯದು ಶುರುವಾಯಿತು. ಅಕ್ಟೋಬರ್ 24 ಮುಗಿದು 25 ಆಗುವ ರಾತ್ರಿ, ತೈವಾನ್ ಜಲಸಂಧಿಯಲ್ಲಿ ಟ್ಯಾಂಗ್ ಒಂದು ದೊಡ್ಡ ಹಡಗುಸಾಲಿನೊಳಗೆ ನುಗ್ಗಿ ಹೊಡೆಯಿತು. ಕೊನೆಗೆ ಎರಡೇ ಟಾರ್ಪಿಡೊ ಉಳಿದಿದ್ದವು. ಪೆಟ್ಟು ತಿಂದು ನಿಂತಿದ್ದ ಹಡಗೊಂದನ್ನು ಮುಗಿಸುವುದು ಬಾಕಿ ಇತ್ತು. ಇಲ್ಲಿ ಗಮನಿಸಿ. ಓಕೇನ್ ಆತುರ ಪಡಲಿಲ್ಲ. ದೂರ ಸರಿದು, ಆ ಎರಡನ್ನೂ ಕೊಳವೆಯಿಂದ ಅರ್ಧ ಹೊರಗೆಳೆಸಿ ಪರೀಕ್ಷೆ ಮಾಡಿಸಿದರು. ಇದು ಬೇಜವಾಬ್ದಾರಿ ಜನ ಮಾಡುವ ಕೆಲಸವೇ?

23ನೆಯ ಟಾರ್ಪಿಡೊ ನೆಟ್ಟಗೆ ಹೋಯಿತು. 24ನೆಯದು ನೀರಿನಿಂದ ಮೇಲೆ ನೆಗೆದು ಎಡಕ್ಕೆ ಹೊರಳಿತು. ಅದು ಮಾರ್ಕ್ 18, ವಿದ್ಯುತ್ತಿನಿಂದ ಓಡುವ ಟಾರ್ಪಿಡೊ. ಅದರೊಳಗಿನ ಗೈರೊಸ್ಕೋಪ್ ದಿಕ್ಕು ಹಿಡಿದಿಡುತ್ತದೆ, ಆ ಪ್ರಕಾರ ಚುಕ್ಕಾಣಿ ಆಡುತ್ತದೆ. ಗೈರೊ ಕೆಟ್ಟರೆ ಅಥವಾ ಚುಕ್ಕಾಣಿ ಒಂದೇ ಕಡೆ ಸಿಕ್ಕಿಕೊಂಡರೆ ಟಾರ್ಪಿಡೊ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಸುತ್ತು ಹಾಕಿ ಬಿಟ್ಟವರ ಕಡೆಗೇ ಬರುತ್ತದೆ. ಹಾಗೆ ಸುತ್ತದಂತೆ ತಡೆಯುವ ಸಾಧನ ಮಾರ್ಕ್ 18ರಲ್ಲಿ ಇರಲಿಲ್ಲ. ಓಕೇನ್ ಪೂರ್ತಿ ವೇಗ ಕೊಟ್ಟು ಟ್ಯಾಂಗನ್ನು ತಿರುಗಿಸಲು ನೋಡಿದರು. ಸಮಯ ಸಾಲಲಿಲ್ಲ. ಸುಮಾರು 20 ಸೆಕೆಂಡಿನಲ್ಲಿ ಅದು ಹಿಂಭಾಗಕ್ಕೆ ಬಡಿಯಿತು.

ಟ್ಯಾಂಗ್ 180 ಅಡಿ ಆಳದಲ್ಲಿ ತಳ ಸೇರಿತು. ಬದುಕಿದ್ದ ಸುಮಾರು 30 ಜನ ಮುಂಭಾಗದ ಟಾರ್ಪಿಡೊ ಕೋಣೆಗೆ ಬಂದು ಸೇರಿದರು. ಮೊದಲು ಗುಪ್ತ ಕಾಗದಗಳನ್ನು ಸುಟ್ಟರು. ಮೇಲೆ ಶತ್ರುವಿನ ಬಾಂಬು, ಒಳಗೆ ಹೊಗೆ. ಉಸಿರಾಟಕ್ಕೆ ‘ಮಾಮ್ಸೆನ್ ಲಂಗ್’ ಎಂಬ ರಬ್ಬರ್ ಚೀಲ ಕಟ್ಟಿಕೊಂಡು 13 ಜನ ಹೊರಬಿದ್ದರು. ಎಂಟು ಜನ ಮೇಲೆ ಮುಟ್ಟಿದರು. ಬೆಳಗಿನವರೆಗೆ ಉಳಿದವರು ಐದು. ಟಾರ್ಪಿಡೊ ಬಡಿದಾಗ ಓಕೇನ್ ಜೊತೆ ಮೇಲ್ಗಡೆ ಇದ್ದವರು, ನಿಯಂತ್ರಣ ಗೋಪುರದಿಂದ ಪಾರಾದವರು ಸೇರಿ ಒಟ್ಟು ಒಂಬತ್ತು. ಓಕೇನ್ ಅವರಲ್ಲೊಬ್ಬರು. 78 ಜನ ಸತ್ತರು.

ಇವರನ್ನು ಎತ್ತಿಕೊಂಡ ಜಪಾನಿ ಹಡಗಿನಲ್ಲಿ ಟ್ಯಾಂಗ್ ಮುಳುಗಿಸಿದ ಹಡಗುಗಳಿಂದ ಬದುಕಿ ಬಂದವರೂ ಇದ್ದರು, ಮೈಯೆಲ್ಲ ಸುಟ್ಟುಹೋಗಿತ್ತು. ಅವರು ಹೊಡೆದರು, ಒದ್ದರು. ಹೊಡೆಯುತ್ತಿರುವವರು ಯಾರೆಂದು ತಿಳಿದ ಮೇಲೆ ಆ ಪೆಟ್ಟನ್ನು ಹೆಚ್ಚು ಕಹಿಯಿಲ್ಲದೆ ಸಹಿಸಿದೆವು ಎಂದು ಓಕೇನ್ ಆಮೇಲೆ ಹೇಳಿದರು. ಒಂಬತ್ತೂ ಜನ ಸೆರೆಮನೆ ದಾಟಿ ಊರಿಗೆ ಬಂದರು. 1946ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರೂಮನ್ ಓಕೇನ್‌ಗೆ ‘ಮೆಡಲ್ ಆಫ್ ಆನರ್’ ತೊಡಿಸಿದರು.

ಇನ್ನೊಂದು ವಿಷಯ. ಇದು ಟ್ಯಾಂಗ್ ಒಂದಕ್ಕೇ ಆದದ್ದಲ್ಲ. ಅದೇ 1944ರ ಮಾರ್ಚ್ 26ರಂದು ಪಲಾವು ದ್ವೀಪಗಳ ಹತ್ತಿರ ‘ಟುಲಿಬಿ’ ಎಂಬ ಜಲಾಂತರ್ಗಾಮಿಯೂ ತನ್ನ ಟಾರ್ಪಿಡೊದಿಂದಲೇ ಮುಳುಗಿತೆಂದು ನಂಬಲಾಗಿದೆ. ಬದುಕಿದ್ದು ಒಬ್ಬನೇ ಒಬ್ಬ ನಾವಿಕ. ಅವನನ್ನು ಜಪಾನಿನವರು ಸೆರೆಹಿಡಿದು ತಾಮ್ರದ ಗಣಿ ಕೆಲಸಕ್ಕೆ ಹಾಕಿದ್ದರು. ಏನಾಯಿತು ಎಂದು ಅವನು ತನ್ನವರಿಗೆ ಹೇಳಲು ಆದದ್ದು ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಟ್ಯಾಂಗ್ ಮುಳುಗಿ ಸುಮಾರು ಹತ್ತು ತಿಂಗಳಾಗಿತ್ತು.

– ಸಂಪಾದಕ